ಡಬ್ಬಿ ಹಂಗ ಬಂದೈತಿ

ಮೇ ತಿಂಗಳ ಕೊನೆಯ ಭಾನುವಾರ ನಮ್ಮ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಆಗಲಿಲ್ಲ. ಗ್ಯಾಸ್ ಖಾಲಿಯಾಗಿರಲಿಲ್ಲ, ಯಾರಿಗೂ ಹುಷಾರು ತಪ್ಪಿರಲಿಲ್ಲ. ನಾನು ಮರೆತೆ, ಅಷ್ಟೇ. ಬೇಳೆ ತೊಳೆದು ಕುಕ್ಕರಿಗೆ ಹಾಕಿದ್ದೆ. ಅಕ್ಕಿ ತೊಳೆದು ಅದರ ಮೇಲಿನ ಪಾತ್ರೆಯಲ್ಲಿ ಇಟ್ಟಿದ್ದೆ. ಮುಚ್ಚಳ ಕೂಡ ಹಾಕಿದ್ದೆ. ಒಲೆ ಹಚ್ಚುವುದೊಂದು ಬಾಕಿ. ಅಷ್ಟರಲ್ಲಿ ‘ಟ್ರಂಕೊಂದು ತೆಗೆದು ಬಿಸಿಲಿಗೆ ಹಾಕಿ ಬರೋಣ’ ಅಂತ ಒಳಗೆ ಹೋದವಳು ಹೊರಗೆ ಬಂದದ್ದು ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ.

ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಮಳೆಗಾಲಕ್ಕೆ ಮುಂಚೆ ಟ್ರಂಕು ತೆಗೆಯದಿದ್ದರೆ ಆಗಸ್ಟ್ ಹೊತ್ತಿಗೆ ಎಲ್ಲ ಬಟ್ಟೆಗೂ ಬೂಷ್ಟು. ಟ್ರಂಕಿನ ತಳದಲ್ಲಿ ನಮ್ಮ ಆಯಿ ಅರ್ಧ ಹೊಲಿದು ಬಿಟ್ಟ ಕೌದಿ ಇತ್ತು. (ಆಯಿ ಅಂದರೆ ನಮ್ಮ ಮನೆಯಲ್ಲಿ ಅಜ್ಜಿ. ಶಾಲೆಯಲ್ಲಿ ಮರಾಠಿ ಗೆಳತಿಯರಿಗೆ ‘ಆಯಿ ಊರಲ್ಲಿದಾಳೆ, ವರ್ಷಕ್ಕೊಮ್ಮೆ ಬರ್ತಾಳೆ’ ಅಂದಾಗ, ಪಾಪ, ತಾಯಿ ಜೊತೆಗಿಲ್ಲದ ಹುಡುಗಿ ಅಂತ ನನಗೆ ಒಂದು ಚಕ್ಕುಲಿ ಜಾಸ್ತಿ ಸಿಗುತ್ತಿತ್ತು. ನಾನೂ ತುಂಬಾ ದಿನ ತಿದ್ದಲಿಲ್ಲ.) ಆಯಿ ಹೋಗಿದ್ದು 2004ರಲ್ಲಿ. ಸೂಜಿ ಇನ್ನೂ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು. ತುಕ್ಕು ಹಿಡಿದು ಸುತ್ತ ಕಂದು ಕಲೆಯಾಗಿತ್ತು. ಆ ಸೂಜಿ ತೆಗೆದು, ದಾರ ಬಿಚ್ಚಿಕೊಳ್ಳದ ಹಾಗೆ ಎರಡು ಹೊಲಿಗೆ ಹಾಕಿ ಇಡೋಣ ಅಂತ ಕಿಟಕಿ ಪಕ್ಕ ನೆಲದ ಮೇಲೆ ಕೂತೆ. ಎರಡೇ ಹೊಲಿಗೆ.

ಕೌದಿ ನೋಡಿದವರಿಗೆ ಗೊತ್ತು, ಅದರಲ್ಲಿ ಕಸೂತಿಯ ಹಾಗೆ ಕಣ್ಣು ಕುಕ್ಕುವಂಥದ್ದೇನೂ ಇಲ್ಲ. ಹಳೇ ಬಟ್ಟೆ ಪದರ ಪದರವಾಗಿ ಹಾಸುವುದು, ಉದ್ದಕ್ಕೂ ಸಾದಾ ಹೊಲಿಗೆ ಹಾಕುತ್ತಾ ಹೋಗುವುದು. ಇದರ ಅಡಿಗೆ ಆಯಿಯ ಎರಡು ಇಳಕಲ್ ಸೀರೆ. ಮೇಲೆ ಅಪ್ಪನ ಲುಂಗಿ, ನನ್ನ ಶಾಲೆಯ ನೀಲಿ ಲಂಗ, ನಡುನಡುವೆ ಗುಳೇದಗುಡ್ಡದ ಖಣದ ತುಂಡುಗಳು. ಸೂಜಿಯಲ್ಲಿ ಒಂದೇ ಸಲಕ್ಕೆ ಮೂರೋ ನಾಲ್ಕೋ ಹೊಲಿಗೆ ಎತ್ತಿಕೊಂಡು ದಾರ ಎಳೆಯಬೇಕು. ಜಾಸ್ತಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಕಡಿಮೆ ಎಳೆದರೆ ಪದರ ಜಾರುತ್ತದೆ. ಆಯಿಯ ಸಾಲುಗಳು ಇರುವೆ ಹೊರಟ ಹಾಗೆ ಇದ್ದವು. ಒಂದು ಸಾಲಿಗೂ ಇನ್ನೊಂದಕ್ಕೂ ಕಿರುಬೆರಳಿನ ಅಂತರ. ನನ್ನ ಮೊದಲ ಸಾಲು ಕುಡುಕ ನಡೆದ ಹಾಗೆ ಬಂತು. ಬಿಚ್ಚಿದೆ. ಎರಡನೆಯದು ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಅದನ್ನೂ ಬಿಚ್ಚಿದೆ. ಆಮೇಲೆ ಒಂದು ಹಟ ಹತ್ತಿತು. ಆಯಿಯ ಹೊಲಿಗೆ ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಅನ್ನೋದು ಯಾರಿಗೂ ಗೊತ್ತಾಗಬಾರದು. ಅಲ್ಲಿಂದ ಮುಂದೆ ಏನಾಯಿತು ಅಂತ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಬೆಳಕು ಕಾಲಿನ ಹತ್ತಿರ ಇದ್ದದ್ದು ಗೋಡೆಗೆ ಹೋಗಿತ್ತು. ಅಷ್ಟೇ ಗೊತ್ತು.

ಮಗ ಬಾಗಿಲಲ್ಲಿ ನಿಂತಿದ್ದ. ಹದಿನೇಳು ವರ್ಷದವನು. ಎರಡು ಗಂಟೆಗೆ ಮ್ಯಾಗಿ ಮಾಡಿಕೊಂಡು ತಿಂದನಂತೆ. ‘ಯಾಕೋ, ನನ್ನನ್ನ ಕರೀಬಾರ್ದಾ?’ ಅಂದೆ.

‘ಎರಡು ಸಲ ಕೇಳಿದೆ, ಅಮ್ಮ, ಊಟ ಅಂತ. ಎರಡು ಸಲಾನೂ ಹ್ಞೂಂ ಅಂದೆ.’

ನನಗೆ ಒಂದು ಹ್ಞೂಂ ಕೂಡ ನೆನಪಿಲ್ಲ.

‘ಅದೂ ಅಲ್ಲದೆ ನೀನು ಹಾಡ್ತಾ ಇದ್ದೆ,’ ಅಂದ.

‘ಯಾವ ಹಾಡು?’

‘ಯಾರಿಗೆ ಗೊತ್ತು. ಕನ್ನಡದ್ದು.’

ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದೆ. ಇವರು ಆ ದಿನ ಪನವೇಲಿನಲ್ಲಿ ಯಾರದೋ ಗೃಹಪ್ರವೇಶದ ಊಟ ಮುಗಿಸಿಕೊಂಡು ಬಂದರು, ಹಾಗಾಗಿ ದೊಡ್ಡ ರಾದ್ಧಾಂತವೇನೂ ಆಗಲಿಲ್ಲ. ಆದರೆ ನನ್ನ ತಲೆಯಲ್ಲಿ ಮಾತ್ರ ಇದು ಹದಿನೈದು ದಿನದಿಂದ ಕೊರೀತಾ ಇದೆ. ಒಂದು ಕಡೆ, ಎಷ್ಟೋ ವರ್ಷದ ಮೇಲೆ ಅಷ್ಟು ಸುಖವಾಗಿ ಇದ್ದ ಆರು ತಾಸು ಅದು. ಇನ್ನೊಂದು ಕಡೆ, ಹಚ್ಚದ ಒಲೆ ನೋಡಿ ಕಳ್ಳತನ ಮಾಡಿದ ಹಾಗೆ ಅನ್ನಿಸಿತು. ಇದೆರಡರ ನಡುವೆ ಇನ್ನೊಂದು ಸಣ್ಣ ಮುಳ್ಳೂ ಇದೆ. ಯಾರೂ ಬಂದು ಭುಜ ಅಲ್ಲಾಡಿಸಿ ‘ಏಳು, ಊಟಕ್ಕೆ ಏಳು’ ಅನ್ನಲಿಲ್ಲವಲ್ಲ ಅಂತ.

ಜಡ ಆಹೆ

ನಮ್ಮ ಮನೆಯಲ್ಲಿ ಊಟ ಮರೆಯುವ ಹಕ್ಕು ಇದ್ದದ್ದು ಅಪ್ಪನಿಗೆ. ಮುದ್ದೇಬಿಹಾಳದ ಕಡೆಯಿಂದ ಬಂದು, ಫೋರ್ಟಿನ ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಕಾರ್ಖಾನೆಗಳ ಪೈಪು, ವಾಲ್ವು, ಪಂಪುಗಳ ನಕ್ಷೆ ಬರೆಯುವ ಕೆಲಸ. ಮುಂಬೈ ಕನ್ನಡಿಗರು ಅಂದರೆ ಎಲ್ಲರಿಗೂ ಉಡುಪಿ ಹೋಟೆಲು ನೆನಪಾಗುತ್ತದೆ. ನಾವು ಜೋಳದ ರೊಟ್ಟಿ ಕಡೆಯವರು, ಚಾಳಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅದು ನಮ್ಮ ಮನೆ ಅಂತ ಎಲ್ಲರಿಗೂ ಗೊತ್ತು. ಅವ್ವ ನಲ್ಲಿ ನೀರು ಬರುವ ಹೊತ್ತಿಗೆ, ಅಂದರೆ ಐದಕ್ಕೆ ಮುಂಚೆ, ಏಳುತ್ತಿದ್ದಳು. ಅಪ್ಪ ವೀಟಿಯ (ಈಗಿನ ಸಿಎಸ್‌ಎಂಟಿ ಸ್ಟೇಷನ್) ಫಾಸ್ಟ್ ಲೋಕಲ್ ಹಿಡಿಯಲು ಎಂಟಕ್ಕೆ ಹೊರಡುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಕೈಯಲ್ಲಿ ಡಬ್ಬಿ ಹಿಡಿದು ಹತ್ತುವುದು ಸಾಧ್ಯವೇ ಇಲ್ಲ. ಹಾಗಾಗಿ ಡಬ್ಬಿ ಹಿಂದಿನಿಂದ ಡಬ್ಬಾವಾಲಾನ ಜೊತೆ ಹೋಗುತ್ತಿತ್ತು.

1890ರಲ್ಲಿ ಶುರುವಾದ ಈ ಡಬ್ಬಾವಾಲಾಗಳ ಬಗ್ಗೆ ಜಗತ್ತೆಲ್ಲ ಬರೆದಿದೆ. ಕೋವಿಡ್‌ಗೆ ಮುಂಚೆ ಸುಮಾರು 5,000 ಜನ ದಿನಕ್ಕೆ 2 ಲಕ್ಷದಷ್ಟು ಡಬ್ಬಿ ಸಾಗಿಸುತ್ತಿದ್ದರು, ಮುಚ್ಚಳದ ಮೇಲಿನ ನಾಲ್ಕು ಅಂಕಿ ಅಕ್ಷರ ನೋಡಿ ತಪ್ಪದೆ ತಲುಪಿಸುತ್ತಿದ್ದರು ಅಂತೆಲ್ಲ. ಎಲ್ಲರೂ ಬರೆಯುವುದು ಡಬ್ಬಿ ಹೋಗುವುದರ ಬಗ್ಗೆ. ನಮ್ಮ ಮನೆಯ ಕಥೆ ಇದ್ದದ್ದು ಡಬ್ಬಿ ವಾಪಸ್ ಬರುವುದರಲ್ಲಿ. ಊಟ ಆಗಿ ಸ್ವಲ್ಪ ಹೊತ್ತಿಗೇ ಡಬ್ಬಾವಾಲಾ ಮತ್ತೆ ಆಫೀಸಿನ ಬಾಗಿಲಿಗೆ ಬರುತ್ತಾನೆ. ಖಾಲಿ ಡಬ್ಬಿ ಎತ್ತಿಕೊಂಡು ಹೋಗಬೇಕು, ಅವನ ಗಾಡಿಗೆ ಹೊತ್ತಾಗುತ್ತದೆ. ಉಂಡಿರೋ ಬಿಟ್ಟಿರೋ ಅನ್ನೋದು ಅವನ ಲೆಕ್ಕವಲ್ಲ. ಸಂಜೆ ಐದೂವರೆಗೆ ಬಿಳಿ ಟೋಪಿಯ ಆ ಮಾಮಾ ನಮ್ಮ ಗ್ಯಾಲರಿಗೆ ಬಂದು ಡಬ್ಬಿ ಇಡುತ್ತಿದ್ದ. ಸುಮ್ಮನೆ ಇಟ್ಟು ಹೋದರೆ ಎಲ್ಲ ಸರಿ. ಕೆಲವು ದಿನ ಮಾತ್ರ ಹೊಸ್ತಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ, ‘ವಹಿನಿ, ಆಜ್ ಜಡ ಆಹೆ’ ಅನ್ನುತ್ತಿದ್ದ. ಇವತ್ತು ಭಾರ ಇದೆ.

ಅಪ್ಪ ಊಟ ಮಾಡಿಲ್ಲ ಅನ್ನೋದು ಅಪ್ಪನಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು. ಅಪ್ಪ ಇನ್ನೂ ಆಫೀಸಿನಲ್ಲೇ ಇರುತ್ತಿದ್ದರು. ಅವ್ವ ಡಬ್ಬಿ ಬಿಚ್ಚುತ್ತಿದ್ದಳು. ಮೇಲಿನ ಗಿಣ್ಣಲದಲ್ಲಿ ಶೇಂಗಾ ಚಟ್ನಿ, ಮಧ್ಯದಲ್ಲಿ ಪಲ್ಯ, ಕೆಳಗೆ ಮಡಚಿದ ರೊಟ್ಟಿ. ಬೆಳಿಗ್ಗೆ ಅವಳ ಕೈಯಿಂದ ಹೇಗೆ ಹೋಗಿತ್ತೋ ಹಾಗೇ. ರೊಟ್ಟಿಯ ಬೆವರು ಆರಿ ಅಂಚು ಬಿರುಸಾಗಿರುತ್ತಿತ್ತು, ಅಷ್ಟೇ ವ್ಯತ್ಯಾಸ. ‘ಡಬ್ಬಿ ಹಂಗ ಬಂದೈತಿ’ ಅಂತ ಅವಳು ಹೇಳುತ್ತಿದ್ದ ರೀತಿ ಬೇರೆ ಮನೆಗಳಲ್ಲಿ ‘ತಾರು ಬಂದಿದೆ’ ಅನ್ನುವ ಹಾಗೆ ಇರುತ್ತಿತ್ತು. ರಾತ್ರಿ ಅಪ್ಪನಿಗೆ ಬಿಸಿ ರೊಟ್ಟಿ. ಡಬ್ಬಿಯ ರೊಟ್ಟಿ ಅವ್ವ ಮಜ್ಜಿಗೆಯಲ್ಲಿ ನೆನೆಸಿಕೊಂಡು ತಾನು ತಿನ್ನುತ್ತಿದ್ದಳು. ಬೈಗುಳ ಇಲ್ಲ. ಅವಳ ಸಿಟ್ಟು ಮಾರನೇ ದಿನದ ಅಡುಗೆಯಲ್ಲಿ ಕಾಣಿಸುತ್ತಿತ್ತು. ಒಂದು ದಿನ ರೊಟ್ಟಿಗೆ ಬೆಣ್ಣೆ ಚಟ್ನಿ ಸವರಿ ಸುರುಳಿ ಸುತ್ತಿ ಕಳಿಸಿದಳು. ‘ಒಂದ ಕೈಲೆ ತಿನ್ನಾಕ ಬರ್ತೈತಿ, ಇನ್ನೊಂದ ಕೈಲೆ ಬರೀಲಿ.’ ಆ ಸುರುಳಿಗಳೂ ಹಾಗೇ ಬಂದವು.

ಆಮೇಲೆ ಚೀಟಿ. ನಾನು ಆರನೇ ಕ್ಲಾಸು. ನನ್ನ ನೋಟುಬುಕ್ಕಿನ ಹಾಳೆ ಹರಿದು ಅವ್ವ ತನ್ನ ಗುಂಡುಗುಂಡನೆ ಅಕ್ಷರದಲ್ಲಿ ‘ಊಟ ಮಾಡ್ರಿ’ ಅಂತ ಬರೆದು ಮೇಲಿನ ಗಿಣ್ಣಲದ ಮುಚ್ಚಳದಡಿ ಇಟ್ಟಳು. ಸಂಜೆ ಮಾಮಾ ಬಂದ. ಏನೂ ಹೇಳಲಿಲ್ಲ, ಬರೀ ನಕ್ಕ. ಡಬ್ಬಿ ಬಿಚ್ಚಿದರೆ ಚಟ್ನಿ, ಪಲ್ಯ, ರೊಟ್ಟಿ ಎಲ್ಲ ಇದ್ದಲ್ಲೇ ಇವೆ. ಚೀಟಿಯೂ ಇದೆ. ಅವ್ವನ ಎರಡು ಮಾತಿನ ಕೆಳಗೆ ಕಪ್ಪು ಡ್ರಾಯಿಂಗ್ ಇಂಕಿನಲ್ಲಿ, ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗೆ, ಒಂದೇ ಪದ: ‘ಮರೆತೆ’. ಡಬ್ಬಾವಾಲಾ ಬಾಗಿಲಲ್ಲಿ ನಿಂತು ಅವಸರ ಮಾಡುವಾಗ ಅಪ್ಪ ಡಬ್ಬಿ ತೆರೆದಿದ್ದಾರೆ, ಚೀಟಿ ಓದಿದ್ದಾರೆ, ಉತ್ತರ ಬರೆದಿದ್ದಾರೆ, ಮುಚ್ಚಿ ಕೊಟ್ಟಿದ್ದಾರೆ. ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಹೊಳೆದಿಲ್ಲ. ಅವ್ವ ಆ ಚೀಟಿ ಹಿಡಿದುಕೊಂಡು ನಕ್ಕಳೋ ಅತ್ತಳೋ ನನಗೆ ಈಗಲೂ ಖಚಿತವಿಲ್ಲ. ‘ಅಕ್ಷರಾ ಚೆಂದ ಅದಾವ’ ಅಂದದ್ದು ಮಾತ್ರ ಕೇಳಿಸಿತು.

ಬಿಟ್ಟದ್ದು, ಮರೆತದ್ದು

ಊಟ ಬಿಡುವುದೇ ಬೇರೆ, ಮರೆಯುವುದೇ ಬೇರೆ. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೀಟಿಂಗು ಇಟ್ಟುಕೊಂಡು, ಆಮೇಲೆ ‘ಇವತ್ತು ಲಂಚೇ ಆಗಲಿಲ್ಲ’ ಅಂತ ಎದೆ ಉಬ್ಬಿಸಿ ಹೇಳುವವರಿದ್ದಾರೆ. ನಾನೂ ಹೇಳಿದ್ದೇನೆ. ಆದರೆ ಆ ಎರಡು ತಾಸೂ ನನಗೆ ಹಸಿವು ಗೊತ್ತಾಗುತ್ತಲೇ ಇರುತ್ತದೆ. ಕಣ್ಣು ಪರದೆಯ ಮೂಲೆಯ ಗಡಿಯಾರಕ್ಕೆ ಹೋಗಿ ಬರುತ್ತದೆ, ಕೈ ಡ್ರಾಯರಿನಲ್ಲಿ ಬಿಸ್ಕತ್ತು ಹುಡುಕುತ್ತದೆ. ಅದು ಬಿಟ್ಟದ್ದು. ಹೊಟ್ಟೆಗೆ ಅನ್ಯಾಯ ಮಾಡಿದ್ದು. ಇನ್ನು ಮೊಬೈಲು ಹಿಡಿದು ರೀಲ್ಸ್ ನೋಡುತ್ತಾ ಕೂತರೂ ಹೊತ್ತು ಹೋದದ್ದು ಗೊತ್ತಾಗಲ್ಲ, ನಿಜ. ಅಲ್ಲಿ ಒಂದು ಕೈಗೆ ಕೆಲಸವಿಲ್ಲ, ಅದು ಚೂಡಾ ಪ್ಯಾಕೆಟ್ಟಿನಲ್ಲಿ ಇರುತ್ತದೆ. ಅಲ್ಲಿ ನಾವು ಮರೆಯುವುದು ತಿನ್ನುವುದನ್ನಲ್ಲ, ನಿಲ್ಲಿಸುವುದನ್ನು. ಎರಡೂ ಕೈಗೂ ಕಣ್ಣಿಗೂ ಒಟ್ಟಿಗೆ ಕೆಲಸ ಕೊಡುವಂಥದ್ದಾಗಬೇಕು ಅಂತ ಕಾಣುತ್ತದೆ, ಹೊಟ್ಟೆ ಪೂರ್ತಿ ಕಳೆದುಹೋಗಬೇಕಾದರೆ.

ಅಪ್ಪನ ಬಗ್ಗೆ ನನ್ನದೊಂದು ಲೆಕ್ಕಾಚಾರ ಇತ್ತು. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಬರೆಯುವುದು ನಡುವೆ ಬಿಟ್ಟು ಏಳುವ ಕೆಲಸವಾಗಿರಲಿಲ್ಲ. ಎದ್ದು ಹೋದರೆ ಪೆನ್ನಿನ ಮೂತಿಯಲ್ಲಿ ಇಂಕು ಒಣಗುತ್ತದೆ. ಮಳೆಗಾಲದಲ್ಲಿ ಆ ಕಾಗದ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಬೆಳಿಗ್ಗೆ ಎಳೆದ ಗೆರೆಗೂ ಮಧ್ಯಾಹ್ನ ಎಳೆದ ಗೆರೆಗೂ ಕೂದಲಷ್ಟು ವ್ಯತ್ಯಾಸ ಬರುತ್ತದೆ. ಗೆರೆ ತಪ್ಪಿದರೆ ಬ್ಲೇಡಿನಿಂದ ಇಂಕನ್ನು ಕೆರೆದು ತೆಗೆಯಬೇಕು, ಜಾಸ್ತಿ ಕೆರೆದರೆ ಕಾಗದ ತೂತು. ರಜೆಯಲ್ಲಿ ಒಂದು ದಿನ ಅಪ್ಪ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋಗಿದ್ದರು. ನಕ್ಷೆಯ ನಕಲು ತೆಗೆಯುವ ಅಮೋನಿಯಾ ಪ್ರಿಂಟಿನ ವಾಸನೆಗೆ ಮೂಗು ಉರಿಯುತ್ತಿತ್ತು. ಅಪ್ಪ ಬೋರ್ಡಿನ ಮೇಲೆ ಬಾಗಿ ಒಂದು ಕಮಾನು ಎಳೆಯುತ್ತಿದ್ದರು. ಎಳೆದು ಮುಗಿಯುವವರೆಗೂ ಉಸಿರು ಬಿಡಲಿಲ್ಲ. ನಾನೂ ಬಿಡಲಿಲ್ಲ. ಉಸಿರನ್ನೇ ಮರೆಯುವವರಿಗೆ ಊಟ ಯಾವ ಲೆಕ್ಕ ಅಂತ ಈಗ ಅನ್ನಿಸುತ್ತದೆ. ತೊಂಬತ್ತರ ದಶಕದ ಕೊನೆಗೆ ಅವರ ಆಫೀಸಿಗೆ ಆಟೋಕ್ಯಾಡ್ ಬಂತು. ಕಂಪ್ಯೂಟರಿನಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಿ ಏಳಬಹುದು. ಆವತ್ತಿನಿಂದ ಡಬ್ಬಿ ಖಾಲಿ ಬರಲು ಶುರುವಾಯಿತು. ನಡುವೆ ನಿಲ್ಲಿಸಲು ಬರದ ಕೆಲಸವೇ ಊಟ ಮರೆಸುತ್ತದೆ ಅಂತ ನಾನು ತುಂಬಾ ವರ್ಷ ನಂಬಿದ್ದೆ.

ಈ ಮಾತನ್ನು ಫೋನಿನಲ್ಲಿ ಅವ್ವನಿಗೆ ಹೇಳಿದರೆ ಆಕೆ ಒಪ್ಪಲಿಲ್ಲ. ‘ಕಂಪ್ಯೂಟರ್ ಅಲ್ಲ, ತಂಗಿ. ಶುಗರ್.’ ಅದೇ ಹೊತ್ತಿಗೆ ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಮಾತ್ರೆ ತಗೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ಮೈ ಬೆವರಿ ಕೈ ನಡುಗುತ್ತದೆ. ಒಂದು ಸಲ ಲೋಕಲ್‌ನಲ್ಲಿ ಹಾಗಾಗಿ ಯಾರೋ ಪುಣ್ಯಾತ್ಮರು ಚಿಕ್ಕಿ ತಿನ್ನಿಸಿ ಕೂರಿಸಿದ್ದರಂತೆ. ಅಷ್ಟರಲ್ಲಿ ನಮ್ಮ ಮನೆಗೆ ಫೋನು ಬಂದಿತ್ತು. ದಿನಾ ಒಂದು ಗಂಟೆಗೆ ಸರಿಯಾಗಿ ಅವ್ವ ಆಫೀಸಿಗೆ ಫೋನು ಮಾಡಿ ‘ಉಂಡ್ರಿ?’ ಅಂತ ಕೇಳುತ್ತಿದ್ದಳಂತೆ. ನನಗಿದು ಗೊತ್ತೇ ಇರಲಿಲ್ಲ, ನಾನು ಕಾಲೇಜಿನಲ್ಲಿ ಇರುತ್ತಿದ್ದೆ. ಅಲ್ಲಿಗೆ ನನ್ನ ಲೆಕ್ಕಾಚಾರ ಮುಗಿಯಿತು. ಹಾಗೆ ನೋಡಿದರೆ ಮೇ ತಿಂಗಳ ಆ ಭಾನುವಾರವೇ ಅದು ಮುಗಿದಿರಬೇಕಿತ್ತು. ಕೌದಿಯಷ್ಟು ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಕೆಲಸ ಇನ್ನೊಂದಿಲ್ಲ. ಆಯಿ ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಯಿತು, ಅದು ಹಾಗೇ ಕಾದುಕೊಂಡಿತ್ತು.

ನಡುವೆ ಒಂದು ಮಾತು. ಅಪ್ಪ ಆ ಭಾರದ ಡಬ್ಬಿಯ ದಿನಗಳಲ್ಲಿ ಪೂರ್ತಿ ಉಪವಾಸ ಏನೂ ಇರುತ್ತಿರಲಿಲ್ಲ. ನಿವೃತ್ತಿಯ ಮೇಲೆ ಅವರೇ ಬಾಯಿಬಿಟ್ಟರು. ನಾಲ್ಕರ ಹೊತ್ತಿಗೆ ತಲೆ ಎತ್ತಿ, ಕೆಳಗಿನ ಉಡುಪಿ ಹೋಟೆಲಿಗೆ ಇಳಿಯುತ್ತಿದ್ದರಂತೆ. ಮಧ್ಯಾಹ್ನದ ಗಲಾಟೆ ಮುಗಿದು ಹೋಟೆಲಿನ ಹುಡುಗರು ಊಟಕ್ಕೆ ಕೂರುವ ಹೊತ್ತು ಅದು. ಕುಂದಾಪುರ ಕಡೆಯ ಹುಡುಗರು. ಕೆಲವರು ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದವರು. ಅವರ ಸಾಲಿನಲ್ಲೇ ಅಪ್ಪನಿಗೂ ಒಂದು ತಟ್ಟೆ. ‘ಆ ಸಾಲಿನಾಗ ಮರತು ಬಂದಾವ ನಾ ಒಬ್ಬನ,’ ಅನ್ನುತ್ತಿದ್ದರು ಅಪ್ಪ. ‘ಉಳದವರೆಲ್ಲಾ ಹನ್ನೊಂದರಿಂದ ಗಡಿಯಾರ ನೋಡಕೋತ ಬಂದವರು.’ ಊರಿನವರ ತಟ್ಟೆಯನ್ನೆಲ್ಲ ಕೈಯಲ್ಲಿ ಹಿಡಿದು ಓಡಾಡುವವನಿಗೆ ಹಸಿವು ಮರೆಯುವುದಾದರೂ ಹೇಗೆ?

ಗುಂಗು

ಇದನ್ನು ಓದಿಕೊಂಡವರು ಅಧ್ಯಯನ ಮಾಡಿದ್ದಾರೆ. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ, 2021ರಲ್ಲಿ ತೀರಿಕೊಂಡರು. 1960ರ ದಶಕದಲ್ಲಿ ಷಿಕಾಗೋದಲ್ಲಿ ಚಿತ್ರಕಲೆ ಕಲಿಯುವವರನ್ನು ಗಮನಿಸುತ್ತಿದ್ದಾಗ ಅವರಿಗೆ ಎರಡು ವಿಷಯ ವಿಚಿತ್ರ ಅನ್ನಿಸಿತು. ಚಿತ್ರ ಚೆನ್ನಾಗಿ ಬರುತ್ತಿರುವಾಗ ಕಲಾವಿದರಿಗೆ ಹಸಿವು, ದಣಿವು ಯಾವುದರ ಪರಿವೆಯೂ ಇರುತ್ತಿರಲಿಲ್ಲ. ಆದರೆ ಚಿತ್ರ ಮುಗಿದ ಕೂಡಲೇ ಅದನ್ನು ಗೋಡೆಗೆ ಒರಗಿಸಿ ಮರೆತುಬಿಡುತ್ತಿದ್ದರು. ಹಾಗಾದರೆ ಅವರಿಗೆ ಬೇಕಾಗಿದ್ದು ಚಿತ್ರವಲ್ಲ, ಬರೆಯುವುದು. ಆಮೇಲೆ ಅವರು ಜನರ ಕೈಗೆ ಪೇಜರ್ ಕೊಟ್ಟು, ದಿನದಲ್ಲಿ ಯಾವಾಗ ಬೇಕಾದರೂ ಬೀಪ್ ಮಾಡಿ, ಈಗ ಏನು ಮಾಡ್ತಿದೀರಿ, ಹೇಗನ್ನಿಸ್ತಿದೆ ಅಂತ ಬರೆಸಿಕೊಂಡರು. ಕೆಲಸ ನಮ್ಮ ಕೈಚಳಕಕ್ಕಿಂತ ತೀರಾ ಸುಲಭವೂ ಆಗಿರಬಾರದು, ತೀರಾ ಕಷ್ಟವೂ ಆಗಿರಬಾರದು, ಮಾಡಿದ್ದು ಸರಿಯೋ ತಪ್ಪೋ ಅಂತ ಆಗಿಂದಾಗ್ಗೆ ಗೊತ್ತಾಗುತ್ತಿರಬೇಕು, ಆಗ ಈ ಸ್ಥಿತಿ ಬರುತ್ತದೆ ಅಂದರು. ನನ್ನ ಕುಡುಕ ಸಾಲು, ಬಿಚ್ಚಿದ್ದು, ಮತ್ತೆ ಹಾಕಿದ್ದು ನೆನಪಾಯಿತು. ಚಿತ್ರ ಮುಗಿದ ಮೇಲೆ ಮರೆಯುವುದಂತೂ ಅಪ್ಪನದೇ ಕಥೆ. ಮೂವತ್ತು ವರ್ಷ ಕಾರ್ಖಾನೆಗಳ ಪೈಪು ಬರೆದರು. ಒಂದು ಕಾರ್ಖಾನೆಯನ್ನೂ ಕಣ್ಣಿಂದ ನೋಡಲಿಲ್ಲ, ನೋಡಬೇಕು ಅಂತಲೂ ಅನ್ನಲಿಲ್ಲ.

ಅವರು ಇದಕ್ಕೆ ಕೊಟ್ಟ ಹೆಸರು ಫ್ಲೋ. ಹರಿವು. ನನಗೆ ಆ ಹೆಸರು ಅಷ್ಟಾಗಿ ಹಿಡಿಸಲಿಲ್ಲ. ಹರಿಯುವ ನೀರು ಎಲ್ಲಿಗೋ ಹೋಗಿ ಮುಟ್ಟಬೇಕು. ನಮ್ಮಲ್ಲಿ ಗುಂಗು ಅಂತ ಒಂದು ಮಾತಿದೆ. ಗುಂಗು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಸುತ್ತುತ್ತದೆ, ದುಂಬಿಯ ಸದ್ದಿನ ಹಾಗೆ. ಎದ್ದ ಮೇಲೂ ಸ್ವಲ್ಪ ಹೊತ್ತು ಕಿವಿಯಲ್ಲಿ ಇರುತ್ತದೆ. ನಾನು ನನಗೇ ಗೊತ್ತಿಲ್ಲದೆ ಹಾಡುತ್ತಿದ್ದೆನಂತಲ್ಲ, ಅದು ಆಯಿಯ ಬೀಸುವ ಪದಗಳಲ್ಲಿ ಯಾವುದೋ ಒಂದಿರಬೇಕು. ಈಗ ಬೇಕೆಂದು ಕೂತು ನೆನಪಿಸಿಕೊಂಡರೆ ಒಂದು ಸಾಲೂ ಬರುವುದಿಲ್ಲ.

ಹಸಿವಿನ ಕಡೆಯಿಂದಲೂ ಒಂದು ಮಾತಿದೆ. ‘ಹೊತ್ತ ಮೀರಿದರ ಹಸಿವು ಸಾಯ್ತೈತಿ’ ಅನ್ನುತ್ತಿದ್ದಳು ಅವ್ವ. ನಮ್ಮ ಕಡೆ ಎಲ್ಲರೂ ಅನ್ನುವ ಮಾತೇ. ಇದು ಬರೀ ಮಾತಲ್ಲ ಅಂತ ತಿಳಿದಾಗ ಖುಷಿಯಾಯಿತು. ಘ್ರೆಲಿನ್ ಅಂತ ಒಂದು ಹಾರ್ಮೋನು ಇದೆ, ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದದ್ದು. ಹೆಚ್ಚಾಗಿ ಜಠರದಲ್ಲೇ ಹುಟ್ಟುತ್ತದೆ, ಮಿದುಳಿಗೆ ಹೋಗಿ ‘ಹಸಿವಾಗಿದೆ’ ಅಂತ ಹೇಳುತ್ತದೆ. ದಿನಾ ಊಟ ಮಾಡುವ ಹೊತ್ತಿಗೆ ಸರಿಯಾಗಿ ಏರುತ್ತದೆ. ಆ ಹೊತ್ತಿನಲ್ಲಿ ಊಟ ಮಾಡದಿದ್ದರೂ ಸ್ವಲ್ಪ ಹೊತ್ತಿನ ಮೇಲೆ ತಾನೇ ಇಳಿಯುತ್ತದೆ. ಬಾಗಿಲು ಬಡಿದು, ಯಾರೂ ತೆಗೆಯದಿದ್ದರೆ ಹೋಗಿಬಿಡುವ ನೆಂಟನ ಹಾಗೆ. ಮುಂದಿನ ಊಟದ ಹೊತ್ತಿಗೆ ಮತ್ತೆ ಬರುತ್ತದೆ. ಆ ಭಾನುವಾರ ಒಂದೂವರೆಗೆ ನನ್ನ ಹೊಟ್ಟೆಯೂ ಬಾಗಿಲು ಬಡಿದಿರಬೇಕು. ಅದಕ್ಕೂ ಹ್ಞೂಂ ಅಂದಿರಬೇಕು ನಾನು.

ಆದರೆ ಇಷ್ಟೆಲ್ಲ ತಿಳಿದ ಮೇಲೂ ನನ್ನನ್ನು ಕೊರೆಯುತ್ತಿದ್ದದ್ದು ಬೇರೆಯೇ. ಆ ಷಿಕಾಗೋದ ಹುಡುಗರಿಗೆ ಅಡುಗೆ ಯಾರು ಮಾಡುತ್ತಿದ್ದರು? ಅಪ್ಪ ಮರೆತರೆ ಒಂದು ಡಬ್ಬಿ ಹಾಗೇ ಬರುತ್ತಿತ್ತು, ಅಷ್ಟೇ. ಅದನ್ನು ಕಟ್ಟಲು ಒಬ್ಬಳು, ಹೊರಲು ಒಬ್ಬ, ವಾಪಸ್ ತಂದು ಭಾರ ಇದೆ ಅನ್ನಲು ಒಬ್ಬ, ಬಿಚ್ಚಿ ನೋಡಿ ಸಂಕಟಪಡಲು ಮತ್ತೆ ಅವಳೇ. ಗಡಿಯಾರ ಹಿಡಿದುಕೊಂಡು ಮೂರು ಜನ ನಿಂತಿದ್ದರಿಂದ ಅಪ್ಪ ಅದನ್ನು ಕೆಳಗಿಡಬಹುದಿತ್ತು. ನಾನು ಮರೆತರೆ ಒಲೆಯೇ ಹತ್ತುವುದಿಲ್ಲ. ಚಾಳಿನಲ್ಲಿ ಅಪ್ಪನನ್ನು ‘ಕೆಲಸ ಅಂದ್ರ ಅನ್ನ ನೀರು ಬಿಡೂ ಮನಷ್ಯಾ’ ಅಂತ ಹೊಗಳುತ್ತಿದ್ದ ಬಾಯಿಗಳೇ ಹೆಂಗಸಿಗೆ ‘ಖಬರಿಲ್ಲೇನು ಮೈಮ್ಯಾಲೆ’ ಅನ್ನುತ್ತಿದ್ದವು.

ಅದಕ್ಕೇ ಅವ್ವನಿಗೆ ಕೇಳಿದೆ. ಈಗ ಅವಳು ವಿಜಯಪುರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ‘ಅವ್ವಾ, ನೀ ಎಂದರೆ ಉಣ್ಣೂದು ಮರತಿಯೇನ?’

‘ನಾ ಮರತರ ಮನಿ ಮಂದಿ ಎಲ್ಲಾ ಉಪಾಸ, ಯವ್ವಾ.’ ಜೋರಾಗಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ. ‘ಒಮ್ಮೆ ಮರತೀನಿ. ನೀನ ಇದ್ದೆಲ್ಲ ಆವತ್ತ. ರೊಟ್ಟಿ ಸಲುವಾಗಿ ಅತ್ತಿದ್ದಿ.’

ಅರ್ಧ ರೊಟ್ಟಿ

ಆ ದಿನ ನನಗೂ ನೆನಪಿದೆ. ಅದು ಅವ್ವ ಊಟ ಮರೆತ ದಿನ ಅಂತ ಮಾತ್ರ ಗೊತ್ತಿರಲಿಲ್ಲ. ನನಗೆ ಅದು ಅನ್ಯಾಯವಾದ ದಿನ.

ಆಯಿ ಊರಿನಿಂದ ಬಂದಿದ್ದಳು. ಶಾಲೆ ಬೆಳಗಿನ ಪಾಳಿಯದ್ದು. ನಾನು ಮಧ್ಯಾಹ್ನ ಒಂದರ ಸುಮಾರಿಗೆ ಹಸಿದುಕೊಂಡು ಬಂದೆ. ಗ್ಯಾಲರಿಯಲ್ಲಿ ಚಾಪೆ ಹಾಸಿ, ಕೌದಿಯ ಆಚೆ ತುದಿಗೆ ಆಯಿ, ಈಚೆ ತುದಿಗೆ ಅವ್ವ. ಇಬ್ಬರ ಸೂಜಿಯೂ ಒಬ್ಬರ ಕಡೆಗೆ ಒಬ್ಬರು ಬರುತ್ತಿದ್ದವು. ಆಯಿ ಹಾಡುತ್ತಿದ್ದಳು, ಅವ್ವ ದನಿಗೂಡಿಸುತ್ತಿದ್ದಳು. ಅವ್ವ ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವ್ವ ಅಂದೆ, ಹ್ಞೂಂ ಅಂದಳು. ಒಳಗೆ ಹೋದರೆ ಒಲೆ ತಣ್ಣಗೆ. ಬೆಳಿಗ್ಗೆ ಡಬ್ಬಿಗೆ ಬಡಿದ ರೊಟ್ಟಿಯಲ್ಲಿ ಉಳಿದದ್ದು ಒಂದೇ ಒಂದು, ಬುಟ್ಟಿಯ ತಳದಲ್ಲಿ. ಅದನ್ನು ಎತ್ತಿಕೊಂಡು ಚಟ್ನಿ ಹುಡುಕುವಷ್ಟರಲ್ಲಿ ಹೊರಗಿಂದ ಆಯಿ ಕೂಗಿದಳು. ‘ರೊಟ್ಟಿ ಇದ್ರ ತಾ ಇಲ್ಲೆ!’

ನನಗೆ ತಿನ್ನಿಸೋಕೆ ಅಂದುಕೊಂಡು ಓಡಿದೆ. ಆಯಿ ನನ್ನ ಕೈಯಿಂದ ರೊಟ್ಟಿ ತಗೊಂಡು ಮುರಿದಳು. ಅರ್ಧ ನನ್ನ ಕೈಗೆ ಬಂತು. ಇನ್ನರ್ಧದಿಂದ ಉಗುರಿನಷ್ಟು ಚೂರು ಮುರಿದು, ಖಣದ ಒಂದು ತುಂಡಿನಲ್ಲಿ ಮಡಚಿ, ಕೌದಿಯ ಕೊನೆಯ ಮೂಲೆಯಲ್ಲಿ ತೆರೆದಿದ್ದ ಬಾಯಿಯೊಳಗೆ ತುರುಕಿ, ಮೇಲೆ ಹೊಲಿಗೆ ಹಾಕಿದಳು. ‘ಕೌದಿ ಹಸದಿರಬಾರ್ದು,’ ಅಂದಳು. ಮಿಕ್ಕ ರೊಟ್ಟಿಯನ್ನು ಎರಡು ಮಾಡಿ ಒಂದನ್ನು ಅವ್ವನ ಕೈಗೆ ಕೊಟ್ಟು, ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಒಂದು ಹರಕು ಬಟ್ಟೆಗೆ ನನಗಿಂತ ಮೊದಲು ಉಣ್ಣಿಸಿದರಲ್ಲ ಅಂತ ನಾನು ಗ್ಯಾಲರಿಯ ಕಂಬ ಹಿಡಿದು ಅತ್ತೆ. ಪಕ್ಕದ ಮನೆಯ ಕಾಕೂ ಬಂದು ಪೋಳಿ ಕೊಟ್ಟರು. ಆಗ ಅವ್ವನಿಗೆ ಎಚ್ಚರವಾಗಿ, ‘ಅಯ್ಯ, ಅಡಗಿನ ಮಾಡಿಲ್ಲಲ್ಲ’ ಅಂತ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಯಿ ನಗುತ್ತಿದ್ದಳು. ಅವ್ವನೂ ನಗತೊಡಗಿದಳು. ಇಬ್ಬರೂ ಸೂಜಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನ್ನ ಅಳು ಇನ್ನೂ ಜೋರಾಯಿತು.

ಟ್ರಂಕಿನ ಕೌದಿ ಈಗ ಮುಗಿಯುತ್ತಾ ಬಂದಿದೆ. ಶನಿವಾರ ಭಾನುವಾರ ಕೂರುತ್ತೇನೆ. ಅಡುಗೆ ಮೊದಲು ಮುಗಿಸುತ್ತೇನೆ, ಫೋನಿನಲ್ಲಿ ಒಂದು ಗಂಟೆಗೆ ಅಲಾರಂ ಇಟ್ಟಿದ್ದೇನೆ. ಹಾಗಾಗಿಯೋ ಏನೋ ಆ ಮೊದಲ ದಿನದ ಹಾಗೆ ಮತ್ತೆ ಆಗಿಲ್ಲ. ಮಗನನ್ನು ಕೇಳಿದೆ, ನಾನು ಹಾಡುತ್ತಿಲ್ಲವಂತೆ.

ಮೊನ್ನೆ ಶನಿವಾರ ಕೊನೆಯ ಮೂಲೆಗೆ ಬಂದೆ. ಅಲಾರಂ ಹೊಡೆದಿರಬೇಕು, ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ. ಎರಡು ಬೆರಳಿನಷ್ಟು ಬಾಯಿ ಬಿಟ್ಟು ಮಿಕ್ಕದ್ದೆಲ್ಲ ಹೊಲಿದಾಯಿತು. ಮನೆಯಲ್ಲಿ ರೊಟ್ಟಿ ಇರಲಿಲ್ಲ. ಜೋಳದ ಹಿಟ್ಟು ಮುಗಿದು ವಾರವಾಗಿತ್ತು. ‘ಮ್ಯಾಗಿ ಇಟ್ಟರೆ ನಡೆಯಲ್ವಾ?’ ಅಂದ ಮಗ. ಫ್ರಿಜ್ಜಿನಲ್ಲಿ ರಾತ್ರಿಯ ಎರಡು ಚಪಾತಿ ಇತ್ತು. ಯಾವುದಕ್ಕೂ ಇರಲಿ ಅಂತ ಅವ್ವನಿಗೆ ಫೋನು ಹಚ್ಚಿದೆ.

‘ಚಪಾತಿ ಆದ್ರೂ ನಡೀತೈತಿ, ಯಾವದರೆ ಇರ್ಲಿ,’ ಅಂದಳು. ‘ಹಸದಿರಬಾರ್ದು, ಅಷ್ಟ. ಅದ ಇರ್ಲಿ, ನೀ ಉಂಡಿಯೇನ ಮೊದಲ?’

ಗಡಿಯಾರ ನೋಡಿದೆ. ಮೂರೂಕಾಲು.